ಬೋರಿನ ನೀರಿನ ಜೊತೆ ಎಷ್ಟು ಯೂರಿಯಾ ಬರ್ತಿದೆ? ಬೇರಂಬಾಡಿ ಅಧ್ಯಯನ ಕಲಿಸಿದ ಲೆಕ್ಕ

ನಿಮ್ಮ ಬೋರ್‌ವೆಲ್ ಎಷ್ಟು ಅಡಿ, ಎಷ್ಟು ಇಂಚು ನೀರು, ಮೋಟಾರ್ ಎಷ್ಟು ಎಚ್‌ಪಿ ಅಂತ ಕೇಳಿದರೆ ನಿದ್ದೆಗಣ್ಣಲ್ಲೂ ಹೇಳ್ತೀರಿ. ಆ ನೀರಿನಲ್ಲಿ ನೈಟ್ರೇಟ್ ಎಷ್ಟಿದೆ ಅಂತ ಕೇಳಿದರೆ? ನನಗೆ ಪರಿಚಯ ಇರುವ ರೈತರಲ್ಲಿ ಇದಕ್ಕೆ ಅಂಕಿ ಹೇಳಬಲ್ಲವರು ಮೂರೋ ನಾಲ್ಕೋ ಜನ. ಮಣ್ಣು ಪರೀಕ್ಷೆ ಮಾಡಿಸಿದವರು ಬೇಕಾದಷ್ಟು ಸಿಗ್ತಾರೆ, ನೀರು ಪರೀಕ್ಷೆ ಮಾಡಿಸಿದವರು ಅಪರೂಪ. ಮಾಡಿಸಿದವರೂ ಕುಡಿಯೋಕೆ ಆಗುತ್ತಾ ಇಲ್ವಾ ಅಂತ ನೋಡಿ ಚೀಟಿ ಮಡಚಿಟ್ಟಿರ್ತಾರೆ. ಅದೇ ಚೀಟಿ ಗೊಬ್ಬರದ ಅಂಗಡಿಗೆ ಹೋಗುವಾಗ ಜೇಬಲ್ಲಿ ಇರಬೇಕು ಅನ್ನೋದು ಈ ವಾರದ ಮಾತು.

ಇದನ್ನು ನಾನು ಕಲಿತದ್ದು ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿಯಲ್ಲಿ ನಡೆದ ಸಂಶೋಧನೆಯಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಫ್ರಾನ್ಸಿನವರ ಜೊತೆಗೂಡಿ ನಡೆಸುವ ಒಂದು ಜಲ ವಿಜ್ಞಾನ ಘಟಕ ಇದೆ. ಇಲ್ಲಿಂದ ಪ್ರೊ. ಮುದ್ದು ಶೇಖರ್, ಅಲ್ಲಿಂದ ಲೊರಾಂ ರುಯಿಜ್ ಮೊದಲಾದವರು ಸೇರಿ ಕಬಿನಿ ಜಲಾನಯನದಲ್ಲಿ ವರ್ಷಗಟ್ಟಲೆ ಅಳತೆ ಇಟ್ಟುಕೊಂಡು ಬಂದಿದ್ದಾರೆ. ಮೊದಲು ಬಂಡೀಪುರ ಕಾಡಿನೊಳಗಿನ ಮೂಲೆಹೊಳೆಯಲ್ಲಿ, 2003ರಿಂದ, ಸುಮಾರು 4 ಚದರ ಕಿಲೋಮೀಟರ್ ಜಾಗದಲ್ಲಿ. ಆಮೇಲೆ 2009ರ ಹೊತ್ತಿಗೆ ಕಾಡಿನಾಚೆ, 84 ಚದರ ಕಿಲೋಮೀಟರ್ ವಿಸ್ತಾರದ ಬೇರಂಬಾಡಿ ಜಲಾನಯನದಲ್ಲಿ.

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿ ಕಡೆಗೆ ಹೋದವರಿಗೆ ಜಾಗ ಕಣ್ಣಿಗೆ ಕಟ್ಟುತ್ತೆ. ಓಣಂ ಮುಂಚೆ ರಸ್ತೆಯ ಎರಡೂ ಬದಿ ಚೆಂಡು ಹೂ, ಸೂರ್ಯಕಾಂತಿ. ಕೇರಳದವರು ಕಾರು ನಿಲ್ಲಿಸಿ ಫೋಟೋ ಹೊಡೀತಿರ್ತಾರೆ. ಹೊಲದ ಒಳಗೆ ಹೋದರೆ ಅರಿಸಿನ, ಬಾಳೆ, ಈರುಳ್ಳಿ, ಬೆಳ್ಳುಳ್ಳಿ, ಬೀಟ್‌ರೂಟ್. ನೀರಿಲ್ಲದ ಕಡೆ ಜೋಳ, ರಾಗಿ, ಹುರುಳಿ. ತಗ್ಗಿನಲ್ಲಿ ಕಪ್ಪು ಮಣ್ಣು, ಏರಿನಲ್ಲಿ ಕೆಂಪು ಮಣ್ಣು. ಮಳೆ ವರ್ಷಕ್ಕೆ ಸುಮಾರು 800 ಮಿ.ಮೀ. ನಮ್ಮಲ್ಲಿ ಅರ್ಧ ಜಿಲ್ಲೆಗಳ ಬೋರ್‌ವೆಲ್ ಬೇಸಾಯ ಹೆಚ್ಚು ಕಡಿಮೆ ಹೀಗೇ ಇದೆ, ಅದಕ್ಕೇ ಅಲ್ಲಿಯ ಮಾತು ಇಲ್ಲಿಗೂ ಸಲ್ಲುತ್ತೆ.

ಒಬ್ಬರಿಂದ ಆಗುವ ಕೆಲಸ ಅಲ್ಲ

ನಾನು ತೋಟಗಾರಿಕೆ ಪದವಿ ಓದುವಾಗ ಗೊಬ್ಬರ ಒಂದು ಪೇಪರ್, ನೀರಾವರಿ ಇನ್ನೊಂದು ಪೇಪರ್. ಎರಡಕ್ಕೂ ಬೇರೆ ಬೇರೆ ಮೇಷ್ಟ್ರು, ಬೇರೆ ಬೇರೆ ರೆಕಾರ್ಡ್ ಪುಸ್ತಕ. ಕೆಲಸದ ಲೋಕದಲ್ಲೂ ಹಾಗೇ: ಅಂತರ್ಜಲಕ್ಕೆ ಒಂದು ಇಲಾಖೆ, ಬೆಳೆಗೆ ಎರಡು ಇಲಾಖೆ, ಕರೆಂಟಿಗೆ ಇನ್ನೊಂದು ಕಂಪನಿ. ಹೊಲದಲ್ಲಿ ಮಾತ್ರ ಇವೆಲ್ಲ ಒಂದೇ ಪೈಪಿನಲ್ಲಿ ಹರಿಯುತ್ತೆ.

ಬೇರಂಬಾಡಿಯಲ್ಲಿ ಮಾಡಿದ್ದು ಏನು ಅಂದರೆ, ಈ ಎಲ್ಲ ವಿದ್ಯೆಯವರನ್ನೂ ಒಂದೇ ಹೊಲಕ್ಕೆ ಇಳಿಸಿದ್ದು. ಅಂತರ್ಜಲದವರು ಬೋರಿನ ನೀರಿನ ಮಟ್ಟ ಅಳೆದರು. ರಸಾಯನದವರು ಆ ನೀರಲ್ಲಿ ಏನೇನು ಕರಗಿದೆ ನೋಡಿದರು. ಉಪಗ್ರಹದ ಚಿತ್ರ ಓದುವವರು ಯಾವ ತುಂಡು ಯಾವ ವರ್ಷದಿಂದ ನೀರಾವರಿಗೆ ಬಂತು ಅಂತ ಹಿಂದಿನ ವರ್ಷಗಳ ಚಿತ್ರ ತೆಗೆದು ಗುರುತು ಮಾಡಿದರು. ಬೇಸಾಯ ಶಾಸ್ತ್ರದವರು 684 ಹಿಡುವಳಿಗಳ ಸಮೀಕ್ಷೆ ಮಾಡಿ, ಯಾರು ಏನು ಬೆಳೀತಾರೆ, ಯಾಕೆ ಬೆಳೀತಾರೆ ಅಂತ ವಿಂಗಡಿಸಿದರು. ದೊಡ್ಡ ಹಿಡುವಳಿಯವರು, ಮಳೆ ನಂಬಿದ ಸಣ್ಣ ರೈತರು, ಬೋರು ಇಟ್ಟುಕೊಂಡು ಮಾರುಕಟ್ಟೆಗೇ ಬೆಳೆಯುವ ಸಣ್ಣ ರೈತರು ಅಂತ ಮೂರು ಗುಂಪು ಬಂತು. ಯಾರು ಯಾವ ಗುಂಪು ಅನ್ನೋದನ್ನು ಮುಖ್ಯವಾಗಿ ತೀರ್ಮಾನಿಸಿದ್ದು ಜಮೀನಿನ ವಿಸ್ತೀರ್ಣ ಮತ್ತು ಅಂತರ್ಜಲ ಸಿಗುತ್ತೋ ಇಲ್ವೋ ಅನ್ನೋದು. ಇದು ಯಾವ ಊರಿನ ಕಟ್ಟೆಯ ಮೇಲೆ ಕೂತವರಿಗೂ ಗೊತ್ತಿರೋದೇ ಬಿಡಿ. ಆದರೆ ಕಟ್ಟೆಯ ಮೇಲೆ ಕೂತು ಗೊತ್ತಾಗದ ಒಂದು ಸಂಗತಿ ಈ ತಂಡಕ್ಕೆ ಸಿಕ್ಕಿತು.

ಮಟ್ಟ ಕುಸಿದ ಕಡೆಯೇ ನೈಟ್ರೇಟ್

200ಕ್ಕೂ ಹೆಚ್ಚು ಬೋರ್‌ವೆಲ್‌ಗಳ ನೀರನ್ನು ಅವರು ನೋಡಿದರು. ಎಸ್. ಭುವನೇಶ್ವರಿ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ ನೈಟ್ರೇಟ್ ಒಂದು ಬೋರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಇನ್ನೊಂದರಲ್ಲಿ 360. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ 45. ಒಂದೇ ಜಲಾನಯನ, ಹತ್ತಿರ ಹತ್ತಿರದ ಊರುಗಳು, ಹೆಚ್ಚು ಕಡಿಮೆ ಅವೇ ಬೆಳೆಗಳು. ಮತ್ತೆ ಇಷ್ಟು ವ್ಯತ್ಯಾಸ ಯಾಕೆ?

ಗೊಬ್ಬರ ಹೆಚ್ಚು ಹಾಕಿದವರ ಬೋರಿನಲ್ಲಿ ನೈಟ್ರೇಟ್ ಹೆಚ್ಚು ಅಂತ ಸುಮ್ಮನೆ ಹೇಳಿಬಿಡಬಹುದಿತ್ತು. ಅಷ್ಟೇ ಆಗಿದ್ದರೆ ಅಂತರ್ಜಲದವರು ಬೇಕಿರಲಿಲ್ಲ. ನೀರಿನ ಮಟ್ಟದ ನಕ್ಷೆ ಪಕ್ಕದಲ್ಲಿ ಇಟ್ಟು ನೋಡಿದಾಗ ವಿಷಯ ಬಿಚ್ಚಿಕೊಂಡಿತು. ನೈಟ್ರೇಟ್ ತೀರಾ ಜಾಸ್ತಿ ಇದ್ದ ಜಾಗಗಳಲ್ಲಿ ನೀರಿನ ಮಟ್ಟ 30ರಿಂದ 60 ಮೀಟರ್ ಆಳಕ್ಕೆ ಕುಸಿದಿತ್ತು, ಅಂದರೆ ನೂರರಿಂದ ಇನ್ನೂರು ಅಡಿ. ಜೊತೆಗೆ ಆ ನೀರಿಗೆ ಇಳಿಜಾರೇ ಇರಲಿಲ್ಲ. ಪಕ್ಕದಿಂದ ಹೊಸ ನೀರು ಬರೋದಿಲ್ಲ, ಇರೋ ನೀರು ಪಕ್ಕಕ್ಕೆ ಹೋಗೋದಿಲ್ಲ. ಬೋರು ಎತ್ತಿದ ನೀರು ಹೊಲಕ್ಕೆ ಬೀಳುತ್ತೆ, ಒಂದು ಭಾಗ ಬೆಳೆ ಕುಡಿಯುತ್ತೆ, ಒಂದು ಭಾಗ ಆರಿಹೋಗುತ್ತೆ, ಉಳಿದದ್ದು ಬೆಳೆ ತೆಗೆದುಕೊಳ್ಳದ ಸಾರಜನಕವನ್ನು ಕರಗಿಸಿಕೊಂಡು ಮತ್ತೆ ಅದೇ ಬೋರಿಗೆ ಇಳಿಯುತ್ತೆ. ನಾಳೆ ಅದೇ ನೀರು ಮೇಲೆ ಬರುತ್ತೆ. ಅದರ ಮೇಲೆ ಮತ್ತೆ ಯೂರಿಯಾ. ಒಂದೇ ಕಷಾಯವನ್ನು ದಿನವೂ ಕುದಿಸಿ ಕುದಿಸಿ ಬತ್ತಿಸಿದ ಹಾಗೆ.

ಅಂತರ್ಜಲಕ್ಕೆ ಒಳ್ಳೆಯ ಇಳಿಜಾರು ಇದ್ದ ಕಡೆ ನೀರು ಪಕ್ಕಕ್ಕೆ ಸರಿಯುತ್ತಿದ್ದುದರಿಂದ ನೈಟ್ರೇಟ್ ಅಷ್ಟು ಏರಿರಲಿಲ್ಲ. ನೀರು ಮೇಲೇ ಇದ್ದು, ಸಂಗ್ರಹ ದೊಡ್ಡದಿದ್ದ ಕಡೆ ಕಡಿಮೆ. ಇನ್ನೊಂದು ಗಮನಿಸಿ: ಹೆಚ್ಚು ಕುಸಿದಿದ್ದು ತಗ್ಗಿನ ಫಲವತ್ತಾದ ಮಣ್ಣಿನ ಕಡೆ. ಒಳ್ಳೆಯ ಮಣ್ಣು ಅಂತ ಅಲ್ಲೇ ಹೆಚ್ಚು ನೀರೆತ್ತಿದ್ದಾರೆ. ಏರಿನ ಬಡ ಮಣ್ಣಿನವರ ಕೆಳಗೆ ಇನ್ನೂ ನೀರು ಮೇಲಿದೆ. ಒಳ್ಳೆ ಜಮೀನು ಇರುವವನಿಗೇ ಕೆಟ್ಟ ನೀರು!

ಚೀಲದ ಲೆಕ್ಕ

ಇದೇ ಲೇಖನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಒಂದು ಅಂಕಿ ಇದೆ. ನೈಟ್ರೇಟ್ ಅತಿ ಹೆಚ್ಚಿರುವ ಕಡೆ ನೀರಿನ ಮೂಲಕವೇ ಹೊಲಕ್ಕೆ ಬೀಳುವ ಸಾರಜನಕ ವರ್ಷಕ್ಕೆ ಹೆಕ್ಟೇರಿಗೆ 200 ಕೆ.ಜಿ.ವರೆಗೂ ಹೋಗುತ್ತೆ. ಎಕರೆಗೆ ಸುಮಾರು 80 ಕೆ.ಜಿ. ಯೂರಿಯಾದಲ್ಲಿ ಶೇ. 46 ಸಾರಜನಕ, ಚೀಲಕ್ಕೆ 45 ಕೆ.ಜಿ. ಲೆಕ್ಕ ಹಾಕಿ: ಹೆಚ್ಚು ಕಡಿಮೆ ನಾಲ್ಕು ಚೀಲ ಯೂರಿಯಾ, ಯಾರೂ ಎರಚದೆ, ಯಾರೂ ಲೆಕ್ಕ ಇಡದೆ, ಎಕರೆಗೆ ಬೀಳ್ತಾ ಇದೆ. ಅದರ ಮೇಲೆ ನಾವು ಪುಸ್ತಕದ ಶಿಫಾರಸು ಪೂರ್ತಿ ಹಾಕ್ತೀವಿ. ಎಲೆ ಕಪ್ಪಗೆ ಹಸಿರಾಗಿ ಸೊಕ್ಕುತ್ತೆ, ರೋಗ ಹತ್ತುತ್ತೆ, ಈರುಳ್ಳಿ ಕೊಟ್ಟಿಗೆಯಲ್ಲಿ ನಿಲ್ಲೋದಿಲ್ಲ. ಉಳಿದದ್ದು ಮತ್ತೆ ಕೆಳಗೆ.

ನಿಮ್ಮ ಹೊಲಕ್ಕೆ ಇದನ್ನು ಲೆಕ್ಕ ಹಾಕೋದು ಸುಲಭ. ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಸುಮಾರು 1 ಲಕ್ಷದ 3 ಸಾವಿರ ಲೀಟರ್. ನೀರಿನ ಚೀಟಿಯಲ್ಲಿರುವ ನೈಟ್ರೇಟ್ ಅಂಕಿಯನ್ನು 20ರಿಂದ ಭಾಗಿಸಿ. ಬಂದದ್ದು ಆ ಒಂದು ಇಂಚು ನೀರಿನ ಜೊತೆ ಎಕರೆಗೆ ಬೀಳುವ ಯೂರಿಯಾ, ಕೆ.ಜಿ.ಗಳಲ್ಲಿ. ಅಂದರೆ ನೈಟ್ರೇಟ್ 100 ಇದ್ದರೆ ಇಂಚಿಗೆ 5 ಕೆ.ಜಿ. ಯೂರಿಯಾಕ್ಕೆ ಸಮ. ಬೆಳೆಗೆ ಒಟ್ಟು 20 ಇಂಚು ನೀರು ಕೊಟ್ಟರೆ 100 ಕೆ.ಜಿ., ಎರಡು ಚೀಲಕ್ಕಿಂತ ಜಾಸ್ತಿ.

ಒಂದು ಎಚ್ಚರ. ಕೆಲವು ಪ್ರಯೋಗಾಲಯಗಳು ನೈಟ್ರೇಟ್ ಅಂತ ಕೊಡದೆ 'ನೈಟ್ರೇಟ್ ರೂಪದ ಸಾರಜನಕ' ಅಂತ ಕೊಡ್ತಾರೆ. ಹಾಗಿದ್ದರೆ 20ರ ಬದಲು ನಾಲ್ಕೂವರೆಯಿಂದ ಭಾಗಿಸಬೇಕು. ಚೀಟಿ ಈಸಿಕೊಳ್ಳುವಾಗಲೇ ಕೇಳಿಬಿಡಿ, ಇಲ್ಲದಿದ್ದರೆ ಲೆಕ್ಕ ನಾಲ್ಕು ಪಟ್ಟು ತಪ್ಪುತ್ತೆ.

ಎಷ್ಟು ಇಂಚು ನೀರು ಕೊಡ್ತಿದ್ದೀವಿ ಅಂತ ಗೊತ್ತಿಲ್ಲ ಅಂತೀರಾ? 200 ಲೀಟರಿನ ಡ್ರಮ್ ಬೋರಿನ ಬಾಯಿಗೆ ಹಿಡಿದು ಮೊಬೈಲಲ್ಲಿ ಸಮಯ ನೋಡಿ. 40 ಸೆಕೆಂಡಿಗೆ ತುಂಬಿದರೆ ಗಂಟೆಗೆ 18 ಸಾವಿರ ಲೀಟರ್. ಆ ಬೋರು ಸುಮಾರು ಆರು ಗಂಟೆ ಓಡಿದರೆ ಎಕರೆಗೆ ಒಂದು ಇಂಚು. ಕರೆಂಟ್ ಎಷ್ಟು ಗಂಟೆ ಕೊಡ್ತಾರೆ ಅನ್ನೋದು ನಮಗೆಲ್ಲ ಬಾಯಿಪಾಠ, ಉಳಿದದ್ದು ಗುಣಾಕಾರ.

ಸಾವಯವದವರೂ ಕೇಳಿಸಿಕೊಳ್ಳಿ

ನಾನು ಯೂರಿಯಾ ಬಳಸೋನಲ್ಲ. ಹಾಗಂತ ಈ ಮಾತು ನನಗೆ ಸಂಬಂಧ ಇಲ್ಲ ಅಂತಲ್ಲ. ನೈಟ್ರೇಟಿಗೆ ತಾನು ಚೀಲದಿಂದ ಬಂದೆನೋ ಕೋಳಿ ಫಾರಂನಿಂದ ಬಂದೆನೋ ಗೊತ್ತಾಗಲ್ಲ. ಮಳೆಗಾಲದ ಮುಂಚೆ ಎರಡು ಲೋಡ್ ಕೋಳಿ ಗೊಬ್ಬರ ಇಳಿಸಿ ಬಯಲು ಬಿಟ್ಟರೆ ಸೆಪ್ಟೆಂಬರ್ ಮಳೆಗೆ ಅದೂ ಕೆಳಗೇ ಹೋಗುತ್ತೆ. ನನ್ನ ತೋಟದ ತಪಾಸಣೆಗೆ ಬಂದವರು ಬೀಜದ ಬಿಲ್ಲು ಕೇಳಿದ್ದಾರೆ, ಬೇವಿನ ಹಿಂಡಿಯ ಬಿಲ್ಲು ಕೇಳಿದ್ದಾರೆ, ಬೋರಿನ ನೈಟ್ರೇಟ್ ಎಷ್ಟು ಅಂತ ಇದುವರೆಗೂ ಕೇಳಿಲ್ಲ.

ನನ್ನ ಬೋರಿನಲ್ಲಿ ಕಳೆದ ಮೇ ತಿಂಗಳಲ್ಲಿ 62 ಬಂತು. ಒಂದು ಎಕರೆ ಬಾಳೆಗೆ ಡ್ರಿಪ್‌ನಲ್ಲಿ ವರ್ಷಕ್ಕೆ ಸುಮಾರು 36 ಲಕ್ಷ ಲೀಟರ್, ಅಂದರೆ 35 ಇಂಚು ಕೊಡ್ತೀನಿ. ಲೆಕ್ಕ ಹಾಕಿದರೆ 50 ಕೆ.ಜಿ. ಸಾರಜನಕ. ಹೆಚ್ಚು ಕಡಿಮೆ ಎರಡು ಟನ್ ಒಣ ಕೋಳಿ ಗೊಬ್ಬರದಲ್ಲಿ ಇರುವಷ್ಟು. ಈ ಸಲ ಬಾಳೆಗೆ ಕೋಳಿ ಗೊಬ್ಬರ ತರಿಸಿಲ್ಲ. ಕೊಟ್ಟಿಗೆ ಗೊಬ್ಬರ ಮತ್ತು ಸೆಣಬು ಮಾತ್ರ. ಗೊನೆ ಹೇಗೆ ಬರುತ್ತೆ ನೋಡೋಣ, ಎಲೆಯ ಬಣ್ಣವಂತೂ ಇಳಿದಿಲ್ಲ.

ಕೆಳಗೆ ಇಳಿದದ್ದನ್ನು ಮೇಲೆ ಎತ್ತೋಕೆ ನನಗೆ ಗೊತ್ತಿರುವ ಅಗ್ಗದ ದಾರಿ ಬೇರು. ಅರಿಸಿನ, ಈರುಳ್ಳಿಯಂಥ ಮೇಲ್ಬೇರಿನ ಬೆಳೆ ಕಿತ್ತ ಮೇಲೆ ಅದೇ ಜಾಗಕ್ಕೆ ಗೊಬ್ಬರ ಹಾಕದೆ ಜೋಳವನ್ನೋ ಸೂರ್ಯಕಾಂತಿಯನ್ನೋ ಬಿತ್ತಿ. ಉಳಿದ ಸಾರಜನಕವನ್ನು ಅವು ಹುಡುಕಿ ತೆಗೀತಾವೆ. ಮಳೆಗಾಲದಲ್ಲಿ ನೆಲ ಬರಿದಾಗಿ ಇರಬಾರದು, ಅಷ್ಟೇ. ಬೇರಂಬಾಡಿ ಪಕ್ಕದ ಕಾಡಿನಲ್ಲಿ ಇದೇ ತಂಡ ನೋಡಿದ್ದೂ ಇಂಥದ್ದೇ: ಮೂಲೆಹೊಳೆಯ ಮರಗಳು ಕಲ್ಲುಮಣ್ಣಿನ ಆಳದಿಂದ ನೀರೆಳೀತಾವೆ, ಬಿದ್ದ ಮಳೆಯ ಸಣ್ಣ ಪಾಲು ಮಾತ್ರ ಅಂತರ್ಜಲ ಮುಟ್ಟುತ್ತೆ.

ಪೊಟ್ಯಾಷ್ ಬಿಟ್ಟುಹೋಗುವ ಉಪ್ಪು

ಕಾಡಿನ ಅಳತೆ ಇನ್ನೊಂದು ಕಡೆಯೂ ಕೆಲಸಕ್ಕೆ ಬಂತು. ಬೋರಿನ ನೀರು ವರ್ಷದಿಂದ ವರ್ಷಕ್ಕೆ ಸಪ್ಪೆ ಹೋಗಿ ಉಪ್ಪಾಗ್ತಿದೆ ಅಂತ ಎಲ್ಲ ಕಡೆ ಕೇಳ್ತೀವಿ. ಬಂಡೆಯಿಂದ ಬಂದ ಉಪ್ಪೋ, ಮಳೆಯ ಜೊತೆ ಬಂದದ್ದೋ, ನೀರು ಆರಿ ಆರಿ ಗಟ್ಟಿಯಾದದ್ದೋ ಅಂತ ಬೇರ್ಪಡಿಸೋದು ಕಷ್ಟ. ಗೊಬ್ಬರವೇ ಕಾಣದ ಮೂಲೆಹೊಳೆಯಲ್ಲಿ ಮಳೆಯಿಂದ ಎಷ್ಟು, ಬಂಡೆಯಿಂದ ಎಷ್ಟು ಅಂತ ಮೊದಲೇ ಅಳೆದಿದ್ದರು. ಹಾಗಾಗಿ ಬೇರಂಬಾಡಿಯಲ್ಲಿ ಹೆಚ್ಚುವರಿ ಬಂದದ್ದು ಎಲ್ಲಿಂದ ಅಂತ ಹುಡುಕೋಕೆ ಆಯಿತು. 2020ರ ಲೇಖನದಲ್ಲಿ ಅವರು ಬೊಟ್ಟು ಮಾಡಿದ್ದು ಪೊಟ್ಯಾಷ್ ಗೊಬ್ಬರಕ್ಕೆ.

ನಾವು ಸಾಮಾನ್ಯವಾಗಿ ಹಾಕುವ ಎಂಒಪಿ, ಅಂದರೆ ಮ್ಯೂರಿಯೇಟ್ ಆಫ್ ಪೊಟ್ಯಾಷ್, ಪೊಟ್ಯಾಸಿಯಂ ಕ್ಲೋರೈಡ್. ಪೊಟ್ಯಾಷ್ ಬೆಳೆಗೆ, ಕ್ಲೋರೈಡ್ ಯಾರಿಗೆ? 50 ಕೆ.ಜಿ. ಚೀಲದಲ್ಲಿ ಸುಮಾರು 23 ಕೆ.ಜಿ. ಕ್ಲೋರೈಡ್ ಇರುತ್ತೆ. ಬೆಳೆಗೆ ಬೇಕಾದ್ದು ಅದರಲ್ಲಿ ಅತ್ಯಲ್ಪ. ಅದು ಮಣ್ಣಿಗೆ ಅಂಟಿಕೊಳ್ಳೋದೂ ಇಲ್ಲ, ನೀರಿನ ಜೊತೆ ಜಾರುತ್ತೆ. ಮಳೆ ಚೆನ್ನಾಗಿದ್ದು, ತೊಳೆದು ಹೊಳೆ ಸೇರುವ ಮಲೆನಾಡಿನಲ್ಲಿ ಇದು ಅಷ್ಟು ದೊಡ್ಡ ಮಾತಲ್ಲ. ಅದೇ ನೀರು ಅದೇ ಬೋರಿನಲ್ಲಿ ಸುತ್ತುವ ಬಯಲಿನಲ್ಲಿ ಹೋಗೋಕೆ ಬೇರೆ ಜಾಗ ಇಲ್ಲ. ಬೀನ್ಸ್‌ನಂಥ ಬೆಳೆ ಉಪ್ಪನ್ನು ಸ್ವಲ್ಪವೂ ತಾಳೋದಿಲ್ಲ. ನಮ್ಮ ಕಡೆ ಬೀನ್ಸ್ ಬಿಟ್ಟು ಬೀಟ್‌ರೂಟಿಗೆ ತಿರುಗಿದವರನ್ನು ಕಂಡಾಗಲೆಲ್ಲ ನನಗೆ ಮೊದಲು ಅನುಮಾನ ಬರೋದು ನೀರಿನ ಮೇಲೆ, ದರದ ಮೇಲೆ ಆಮೇಲೆ.

ರಾಸಾಯನಿಕ ಬಳಸುವವರು ನೀರು ಉಪ್ಪಿದ್ದರೆ ಎಂಒಪಿ ಬದಲು ಸಲ್ಫೇಟ್ ಆಫ್ ಪೊಟ್ಯಾಷ್ ನೋಡಿ. ದುಬಾರಿ, ನಿಜ. ಅದಕ್ಕೆ ಮೊದಲು ಮಣ್ಣಿನ ಪೊಟ್ಯಾಷ್ ನೋಡಿಸಿ, ಸಾಕಷ್ಟಿದ್ದರೆ ಎರಡೂ ಬೇಡ. ಬಾಳೆ ಬೆಳೆಯುವವರು ದಿಂಡನ್ನು ಬದುವಿನಾಚೆ ಎಸೆಯದೆ ಕತ್ತರಿಸಿ ಬುಡಕ್ಕೇ ಹಾಕಿ, ಅದರ ತುಂಬ ಪೊಟ್ಯಾಷ್.

ಬೆಲೆ ಹೇಳದ ಮಾತು

ಇಷ್ಟು ಗೊತ್ತಿದ್ದೂ ಯಾಕೆ ಬದಲಾಗಲ್ಲ ಅಂತ ಕೇಳಿದರೆ ಅರ್ಥಶಾಸ್ತ್ರದವರ ಕಡೆ ತಿರುಗಬೇಕು. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ. ಯೂರಿಯಾ ಚೀಲ 266 ರೂಪಾಯಿ ಚಿಲ್ಲರೆ. ನೀರಿಗೆ ಬೆಲೆ ಇಲ್ಲ. ಒಂದು ಚೀಲ ಉಳಿಸಿದರೆ ಒಂದು ಆಳಿನ ಅರ್ಧ ದಿನದ ಕೂಲಿಯೂ ಉಳಿಯಲ್ಲ, ಅಷ್ಟಕ್ಕೆ ಇಳುವರಿ ಕಳಕೊಳ್ಳುವ ಭಯ ಯಾಕೆ ಅಂತ ರೈತ ಯೋಚಿಸೋದು ತಪ್ಪಲ್ಲ. ಬೆಲೆ ತೋರಿಸದ ನಷ್ಟ ಬೇರೆ ಕಡೆ ಕೂತಿದೆ: ಕುಡಿಯೋ ನೀರಿನಲ್ಲಿ. ತೋಟದ ಮನೆಯಲ್ಲಿ ಇದ್ದುಕೊಂಡು ಬೋರಿನ ನೀರೇ ಕುಡಿಯುವವರು, ಅದರಲ್ಲೂ ಹಸುಗೂಸು ಇರುವ ಮನೆಯವರು, 45 ದಾಟಿದೆಯಾ ಅಂತ ನೋಡಲೇಬೇಕು. ಆ ನೀರಲ್ಲಿ ಕಲಸಿದ ಹಾಲಿನ ಪುಡಿ ಕೂಸಿನ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕುಗ್ಗಿಸಬಹುದು. ಕುದಿಸಿದರೆ ನೈಟ್ರೇಟ್ ಹೋಗಲ್ಲ, ನೀರು ಬತ್ತಿ ಇನ್ನೂ ಗಟ್ಟಿಯಾಗುತ್ತೆ. ಆರ್‌ಒ ಯಂತ್ರ ತೆಗೆಯುತ್ತೆ.

ಸಂಶೋಧಕರ ಬಗ್ಗೆ ಒಂದು ತಕರಾರೂ ಇದೆ. ಇಷ್ಟು ಒಳ್ಳೆಯ ಲೆಕ್ಕ ಇಂಗ್ಲಿಷ್ ನಿಯತಕಾಲಿಕೆಗಳಲ್ಲಿ ಕೂತಿದೆ. ಬೇರಂಬಾಡಿಯ ರೈತರ ಜೊತೆ ಅವರು ಸಭೆ ಮಾಡಿದ್ದಾರೆ, ಅದು ದೊಡ್ಡದೇ. ಆದರೆ ಪಕ್ಕದ ಜಿಲ್ಲೆಯ ಗೊಬ್ಬರದ ಅಂಗಡಿಯ ಗೋಡೆಗೆ ಅಂಟಿಸುವ ಒಂದು ಹಾಳೆಯಾಗಿ ಇದು ಬಂದಿದ್ದನ್ನು ನಾನು ಕಂಡಿಲ್ಲ.

ನೀರು ಹಿಡಿಯೋದು ಹೇಗೆ

ಬೋರು ಅರ್ಧ ಗಂಟೆ ಓಡಿದ ಮೇಲೆ ಹಿಡಿಯಿರಿ. ತೊಟ್ಟಿಯಿಂದ ಬೇಡ. ಒಂದು ಲೀಟರಿನ ಹೊಸ ನೀರಿನ ಬಾಟಲನ್ನು ಅದೇ ನೀರಲ್ಲಿ ಮೂರು ಸಲ ತೊಳೆದು, ಕತ್ತಿನವರೆಗೂ ತುಂಬಿ, ಮುಚ್ಚಳ ಬಿಗಿ ಮಾಡಿ. ನೆರಳಲ್ಲಿ, ಆದರೆ ಮಂಜುಗಡ್ಡೆ ಜೊತೆ, ಅದೇ ದಿನ ತಲುಪಿಸಿ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಯಾರು ಮಾಡಿಕೊಡ್ತಾರೆ ಕೇಳಿ. ನೈಟ್ರೇಟ್, ಕ್ಲೋರೈಡ್, ಇಸಿ ಈ ಮೂರು ಸಾಕು. ಮೇ ತಿಂಗಳಲ್ಲಿ ಒಂದು ಸಲ, ಹಿಂಗಾರು ಮುಗಿದ ಮೇಲೆ ಡಿಸೆಂಬರಿನಲ್ಲಿ ಒಂದು ಸಲ. ಬಂದ ಅಂಕಿ ನೋಡಿ ಒಂದೇ ಏಟಿಗೆ ಯೂರಿಯಾ ನಿಲ್ಲಿಸಬೇಡಿ. ಲೆಕ್ಕದಲ್ಲಿ ಬಂದದ್ದರ ಅರ್ಧದಷ್ಟನ್ನು ಮಾತ್ರ ಮೊದಲ ವರ್ಷ ಕಡಿಮೆ ಮಾಡಿ, ಅದೂ ಮೇಲುಗೊಬ್ಬರದಲ್ಲಿ.

ನಮ್ಮ ಪಕ್ಕದ ಹೊಲದವರು, ನನಗಿಂತ ಮೂವತ್ತು ವರ್ಷ ದೊಡ್ಡವರು, ಇದನ್ನೆಲ್ಲ ಕೇಳಿ "ಬುಡು ಮಗಾ, ನೀರ್ಗೂ ಯೂರಿಯಾಕ್ಕೂ ಏನ್ ಸಂಬಂದ, ನೀರ್ ಕುಡುದ್ರೆ ಹೊಟ್ಟೆ ತುಂಬುತ್ತಾ?" ಅಂದಿದ್ದರು. ನನ್ನ ಬಾಟಲಿನ ಜೊತೆ ಅವರದನ್ನೂ ಒಯ್ದೆ. ಅವರ ಬೋರು 140 ತೋರಿಸಿತು. ಚೀಟಿಯನ್ನು ಎರಡು ಸಲ ಓದಿಸಿದರು. ಈಗ ಅವರ ಎರಡು ಎಕರೆ ಅರಿಸಿನದಲ್ಲಿ ಒಂದಕ್ಕೆ ಎಂದಿನಂತೆ ಎರಡು ಸಲ ಮೇಲುಗೊಬ್ಬರ ಬಿದ್ದಿದೆ, ಇನ್ನೊಂದಕ್ಕೆ ಒಂದೇ ಸಲ. ನಡುವೆ ತೊಗರಿ ಸಾಲು ಗುರುತಿಗೆ. "ಫೆಬ್ರವರಿಲಿ ಅಗೆದಾಗ ತಕ್ಕಡಿ ತಕ್ಕೊಂಡು ಬಾ, ಬಾಯ್ಮಾತು ಬ್ಯಾಡ" ಅಂದಿದ್ದಾರೆ. ಎರಡೂ ತುಂಡಿನ ತೂಕ ಇದೇ ಪುಟದಲ್ಲಿ ಬರೀತೀನಿ.